ಕುರುಚಲು ಕಾಡಿಗೆ ಕಟ್ಟಿದ ಬೆಲೆ
ಪರಿಹಾರ ಅರಣ್ಯೀಕರಣದ ನಿಯಮಗಳು ಮತ್ತು ನಮ್ಮ ಭಾಗದ ಉದ್ಯಮಿಗಳು

ಮಲಪ್ರಭೆಯ ನೀರನ್ನು ನಂಬಿ ವ್ಯವಹಾರ ನಡೆಸುವ ನಮ್ಮ ಸದಸ್ಯರಿಗೆ ‘ಅರಣ್ಯ ಅನುಮತಿ’ ಎಂಬ ಮಾತು ಹೊಸದಲ್ಲ. ಮಹದಾಯಿ ನ್ಯಾಯಾಧಿಕರಣದ ತೀರ್ಪು 2018ರಲ್ಲಿ ಬಂದು, 2020ರ ಫೆಬ್ರವರಿಯಲ್ಲಿ ರಾಜಪತ್ರದಲ್ಲಿ ಪ್ರಕಟವಾದ ಮೇಲೂ ಕಳಸಾ-ಬಂಡೂರಿ ಯೋಜನೆ ಅರಣ್ಯ ಮತ್ತು ವನ್ಯಜೀವಿ ಕಾನೂನುಗಳ ಹೊಸ್ತಿಲಲ್ಲಿ ನಿಲ್ಲಬೇಕಾಯಿತು. ಆದರೆ ಖಾನಾಪುರದ ದಟ್ಟ ಕಾಡಿಗೆ ಮಾತ್ರ ಈ ಕಾನೂನು ಅನ್ವಯಿಸುತ್ತದೆ, ಸಾಲಹಳ್ಳಿ, ರಾಮದುರ್ಗ, ಸವದತ್ತಿಯ ಒಣ ಗುಡ್ಡಗಳಿಗಲ್ಲ ಎಂಬ ತಪ್ಪು ತಿಳಿವಳಿಕೆ ಹಲವರಲ್ಲಿದೆ. ಕಾರೆ, ಬೋರೆ, ಕವಳೆ, ಜಾಲಿ ಬೆಳೆದ ಗುಡ್ಡವೂ ದಾಖಲೆಯಲ್ಲಿ ಅರಣ್ಯವೆಂದಿದ್ದರೆ ಅರಣ್ಯವೇ. 1996ರ ಡಿಸೆಂಬರ್‌ನಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ನೀಡಿದ ಆದೇಶದ ತಿರುಳು ಅದೇ.

ಇಂತಹ ಭೂಮಿಯಲ್ಲಿ ಗಾಳಿಯಂತ್ರ, ಗಣಿ, ರಸ್ತೆ ಅಥವಾ ವಿದ್ಯುತ್ ಮಾರ್ಗ ನಿರ್ಮಿಸಬಯಸುವವರು 1980ರ ಅರಣ್ಯ ಸಂರಕ್ಷಣಾ ಅಧಿನಿಯಮದಡಿ ಪೂರ್ವಾನುಮತಿ ಪಡೆಯಬೇಕು. 2023ರ ತಿದ್ದುಪಡಿಯು ಈ ಅಧಿನಿಯಮದ ಹೆಸರನ್ನು ಬದಲಿಸಿ ಕೆಲವು ವಿನಾಯಿತಿಗಳನ್ನೂ ನೀಡಿದೆ. ಅನುಮತಿಯೊಡನೆ ಎರಡು ಹೊಣೆಗಳು ಬರುತ್ತವೆ. ಮೊದಲನೆಯದು, ಪಡೆದ ಅರಣ್ಯದಷ್ಟೇ ವಿಸ್ತೀರ್ಣದ ಅರಣ್ಯೇತರ ಭೂಮಿಯನ್ನು ಇಲಾಖೆಗೆ ಒಪ್ಪಿಸಿ, ಅಲ್ಲಿ ಗಿಡ ನೆಡುವ ವೆಚ್ಚ ಭರಿಸುವುದು. ಖಾಸಗಿ ಉದ್ಯಮಿಗೆ ನಿಜವಾದ ತೊಡಕು ಇದೇ. ಹಣ ಹೊಂದಿಸಬಹುದು; ತಕರಾರಿಲ್ಲದ, ಉತಾರ ಸ್ವಚ್ಛವಾಗಿರುವ, ಒಂದೇ ಕಡೆ ದೊರೆಯುವ ಭೂಮಿಯನ್ನು ಹೊಂದಿಸುವುದು ಸುಲಭವಲ್ಲ.

ಎರಡನೆಯದು, ನಿವ್ವಳ ಪ್ರಸ್ತುತ ಮೌಲ್ಯ. ಕಚೇರಿಗಳಲ್ಲಿ ಇದನ್ನು ಎನ್‌ಪಿವಿ ಎನ್ನುತ್ತಾರೆ. ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ಒಪ್ಪಿದ ದರಪಟ್ಟಿಯಲ್ಲಿ ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿಯವರೆಗೆ ದರವಿತ್ತು. 2022ರಲ್ಲಿ ಇದನ್ನು ಸುಮಾರು ಒಂದೂವರೆ ಪಟ್ಟು ಏರಿಸಲಾಯಿತು. ಅಭಯಾರಣ್ಯವಾದರೆ ಐದು ಪಟ್ಟು, ರಾಷ್ಟ್ರೀಯ ಉದ್ಯಾನವಾದರೆ ಹತ್ತು ಪಟ್ಟು. ಓದುಗರು ಗಮನಿಸಬೇಕಾದ ಸಂಗತಿಯೊಂದು ಈ ಪಟ್ಟಿಯಲ್ಲಿದೆ: ಎಲ್ಲಕ್ಕಿಂತ ಕಡಿಮೆಯಾದ ಆ 4.38 ಲಕ್ಷವು ಮುಳ್ಳುಕುರುಚಲಿನ ವಿರಳ ಕಾಡಿನ ದರ. ಅರ್ಥಾತ್, ನಮ್ಮ ಗುಡ್ಡಗಳಂಥವುಗಳ ದರ.

ದರ ಕಡಿಮೆಯಿದ್ದರೆ ಉದ್ಯಮಿಗೆ ಲಾಭವಲ್ಲವೇ ಎಂದು ಕೇಳಬಹುದು. ಲೆಕ್ಕದ ಪುಸ್ತಕದಲ್ಲಿ ಹೌದು. ಆದರೆ ಈ ಲೆಕ್ಕ ಮರವನ್ನು ಎಣಿಸುತ್ತದೆಯೇ ಹೊರತು ಹುಲ್ಲನ್ನು ಎಣಿಸುವುದಿಲ್ಲ. ದೇಶದ ಬಂಜರು ಭೂಮಿ ನಕಾಶೆಯಲ್ಲಿಯೂ ಕುರುಚಲು ಭೂಮಿಗೆ ಬಂಜರೆಂಬ ಹೆಸರೇ ಇದೆ. ತೋಳ, ಚಿಂಕಾರ, ಚಿಗರಿ, ಎರೆಭೂತ ಹಕ್ಕಿಗಳು ಬದುಕುವುದು ಈ ‘ಬಂಜರಿ’ನಲ್ಲಿ, ಇವೆಲ್ಲವೂ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲ ಅನುಸೂಚಿಯಲ್ಲಿವೆ. ರಾಮದುರ್ಗಕ್ಕೆ ದೂರವಲ್ಲದ ಬೀಳಗಿ-ಮುಧೋಳ ಸೀಮೆಯ ಯಡಹಳ್ಳಿಯಲ್ಲಿ 2016ರಲ್ಲಿ ಅಭಯಾರಣ್ಯ ಘೋಷಣೆಯಾದದ್ದು ಚಿಂಕಾರದ ಸಲುವಾಗಿ.

ಪರಿಹಾರವೆಂದು ಇಂಥದೇ ಇನ್ನೊಂದು ಹುಲ್ಲುಗಾವಲನ್ನು ಆರಿಸಿ, ಗುಂಡಿ ತೋಡಿ ಸಸಿಗಳನ್ನು ಸಾಲಾಗಿ ನೆಟ್ಟರೆ ಏನಾಗುತ್ತದೆ? ಒಂದು ಹುಲ್ಲುಗಾವಲು ಯೋಜನೆಗೆ ಹೋಯಿತು, ಇನ್ನೊಂದು ಪರಿಹಾರಕ್ಕೆ ಹೋಯಿತು. ರಾಣೆಬೆನ್ನೂರಿನ ಚಿಗರಿ ಅಭಯಾರಣ್ಯದ ಬಯಲುಗಳಲ್ಲಿ ನೀಲಗಿರಿ ಬೆಳೆಸಿದ ಅನುಭವ ನಮ್ಮ ಕಣ್ಣ ಮುಂದಿದೆ. ಬಯಲನ್ನೇ ಬಯಸುವ ಎರೆಭೂತ ಅಲ್ಲಿ ನೆಲೆ ಕಳೆದುಕೊಂಡಿತು. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯದ 2016ರ ಕಾಯ್ದೆಯಲ್ಲಿ ಕಳೆದುಕೊಂಡ ಸಸ್ಯವರ್ಗಕ್ಕೆ ಅದೇ ಬಗೆಯ ಸಸ್ಯವರ್ಗವನ್ನು ಹೊಂದಿಸುವುದಕ್ಕೆ ಮೊದಲ ಆದ್ಯತೆ. ನಮ್ಮಲ್ಲಿ ವಿಸ್ತೀರ್ಣ ಹೊಂದಿದರೆ ಸಾಕು.

ಅದೂ ಹೊಂದಿದೆಯೇ? ಮಹಾಲೇಖಪಾಲರ 2013ರ ವರದಿ ಓದಿದರೆ ಸಂಶಯ ಬರುತ್ತದೆ. 2006ರಿಂದ 2012ರವರೆಗೆ ದೇಶದಲ್ಲಿ ಸುಮಾರು 1.03 ಲಕ್ಷ ಹೆಕ್ಟೇರ್ ಅರಣ್ಯೇತರ ಭೂಮಿ ಇಲಾಖೆಗಳಿಗೆ ಬರಬೇಕಿತ್ತು. ಬಂದದ್ದು 28 ಸಾವಿರ ಹೆಕ್ಟೇರ್, ಗಿಡ ನೆಟ್ಟದ್ದು ಕೇವಲ 7,281 ಹೆಕ್ಟೇರಿನಲ್ಲಿ. ಹಣ ಮಾತ್ರ ಬ್ಯಾಂಕಿನಲ್ಲಿ ಬೆಳೆಯುತ್ತಲೇ ಇತ್ತು. 2016ರ ಪರಿಹಾರ ಅರಣ್ಯೀಕರಣ ನಿಧಿ ಕಾಯ್ದೆ ಬಂದು, 2019ರಲ್ಲಿ ಸುಮಾರು 47 ಸಾವಿರ ಕೋಟಿ ರೂಪಾಯಿ ರಾಜ್ಯಗಳಿಗೆ ವರ್ಗವಾಯಿತು. ಹಣ ಕಟ್ಟಿದವರು ಅದು ಎಲ್ಲಿ ಹೋಯಿತೆಂದು ಕೇಳುವ ವಾಡಿಕೆ ನಮ್ಮಲ್ಲಿಲ್ಲ. ರಸೀದಿ ಸಿಕ್ಕರೆ ತೃಪ್ತಿ.

ಗಾಯರಾಣ ಮತ್ತು ಖಾಸಗಿ ಜಮೀನುಗಳ ವಿಷಯ ಬೇರೆ. ಅರಣ್ಯವೆಂದು ಗುರುತಿಸದ ಕಡೆ ಎನ್‌ಪಿವಿ ಇಲ್ಲ. ಗಾಳಿ ವಿದ್ಯುತ್ತಿಗೆ 2006ರ ಅಧಿಸೂಚನೆಯ ಪರಿಸರ ಅನುಮತಿಯೂ ಬೇಕಿಲ್ಲ. ಇದನ್ನು ಕೆಲವರು ಪೂರ್ಣ ಸ್ವಾತಂತ್ರ್ಯವೆಂದು ಭಾವಿಸುತ್ತಾರೆ. ರಾಜಸ್ಥಾನ, ಗುಜರಾತಿನ ಹೂಡಿಕೆದಾರರೂ ಹಾಗೆಯೇ ಭಾವಿಸಿದ್ದರೇನೋ. ಎರೆಭೂತವನ್ನು ಉಳಿಸಲು ಅಲ್ಲಿಯ ವಿದ್ಯುತ್ ತಂತಿಗಳನ್ನು ಸಾಧ್ಯವಿರುವಲ್ಲೆಲ್ಲ ನೆಲದಡಿ ಹಾಕಬೇಕೆಂದು 2021ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಆದೇಶಿಸಿತು. 2024ರ ಮಾರ್ಚ್‌ನಲ್ಲಿ ಆ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿ ನೇಮಿಸಿತು. ನಡುವಿನ ಮೂರು ವರ್ಷಗಳ ಅನಿಶ್ಚಿತತೆಯ ಬಡ್ಡಿಯನ್ನು ಯಾವ ದರಪಟ್ಟಿಯೂ ತೋರಿಸುವುದಿಲ್ಲ.

ಆದ್ದರಿಂದ ಭೂಮಿಯ ಮುಂಗಡ ಕೊಡುವ ಮೊದಲೇ ಉತಾರದೊಡನೆ ವಲಯ ಅರಣ್ಯ ಕಚೇರಿಯ ನಕಾಶೆಯನ್ನೂ, 2022ರಲ್ಲಿ ರಾಜ್ಯ ಸರ್ಕಾರ ಪರಿಷ್ಕರಿಸಿದ ಪರಿಭಾವಿತ ಅರಣ್ಯಗಳ ಪಟ್ಟಿಯನ್ನೂ ನೋಡುವುದು ಲೇಸು. ಮುಂಗಾರಿನ ಬಳಿಕ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಬಲ್ಲವರಿಂದ ಸ್ಥಳದ ಸಸ್ಯ-ಪ್ರಾಣಿಗಳ ಸಮೀಕ್ಷೆ ಮಾಡಿಸುವ ಖರ್ಚು ಯೋಜನಾ ವೆಚ್ಚದಲ್ಲಿ ಅಲ್ಪ. 2018ರ ನಿಧಿ ನಿಯಮಗಳು ಎನ್‌ಪಿವಿ ಹಣವನ್ನು ಸಹಜ ಪುನರುತ್ಪತ್ತಿಗೆ, ವನ್ಯಜೀವಿ ನೆಲೆಯ ಸುಧಾರಣೆಗೆ ಬಳಸಲು ಅವಕಾಶ ನೀಡಿವೆ. ಬಳ್ಳಾರಿ ಜಾಲಿ ಕಿತ್ತು ಹುಲ್ಲು ಮರಳಿಸುವ ಕೆಲಸವನ್ನು ಇದರಡಿ ಕೈಗೊಳ್ಳುವಂತೆ ಸದಸ್ಯರು ಜಿಲ್ಲಾ ಅರಣ್ಯಾಧಿಕಾರಿಗಳಿಗೆ ಲಿಖಿತವಾಗಿ ಮನವಿ ಸಲ್ಲಿಸಬಹುದು. ಮನವಿಯ ಪ್ರತಿಯನ್ನೂ ಹಣ ಕಟ್ಟಿದ ಚಲನ್‌ನ ಪ್ರತಿಯನ್ನೂ ಒಂದೇ ಕಡತದಲ್ಲಿ ಇಟ್ಟುಕೊಳ್ಳಬೇಕು.