ಕಲ್ಲುಗಣಿಯ ಪುಟ್ಟ ಎಂಜಿನ್‌ಗಳು ಎಲ್ಲಿಗೆ ಹೋದವು?

ಉತ್ತರ ವೇಲ್ಸ್‌ನ ಡಿನಾರ್ವಿಗ್ ಮತ್ತು ಪೆನ್ರಿನ್ ಗಣಿಗಳಲ್ಲಿ ಸ್ಲೇಟ್ ಕಲ್ಲಿಗಾಗಿ ಬೆಟ್ಟವನ್ನೇ ಮೆಟ್ಟಿಲು ಮೆಟ್ಟಿಲಾಗಿ ಕಡಿಯುತ್ತಿದ್ದರು. ಆ ಮೆಟ್ಟಿಲುಗಳ ಮೇಲೆ ಸುಮಾರು ಎರಡಡಿ ಅಗಲದ ಹಗುರ ಹಳಿ. ಕಲ್ಲು ಕಡಿದಂತೆಲ್ಲ ಹಳಿಯೂ ಜಾಗ ಬದಲಿಸುತ್ತಿತ್ತು. ದೊಡ್ಡ ಎಂಜಿನ್‌ಗೆ ಅಲ್ಲಿ ಕೆಲಸವೇ ಇರಲಿಲ್ಲ.

ಅದಕ್ಕೆಂದೇ ಲೀಡ್ಸ್‌ನ ಹನ್ಸ್ಲೆಟ್ ಕಂಪನಿ ನಾಲ್ಕೇ ಚಕ್ರದ ಪುಟ್ಟ ಉಗಿ ಎಂಜಿನ್‌ಗಳನ್ನು ಕಟ್ಟಿಕೊಟ್ಟಿತು. ನೀರಿನ ಟ್ಯಾಂಕು ಬಾಯ್ಲರಿನ ಬೆನ್ನ ಮೇಲೆ ಕುದುರೆಯ ಜೀನಿನಂತೆ ಕೂತಿರುತ್ತದೆ. ಎಷ್ಟೋ ಎಂಜಿನ್‌ಗಳಲ್ಲಿ ಚಾಲಕನ ತಲೆಯ ಮೇಲೆ ಸೂರೇ ಇಲ್ಲ. ವೇಲ್ಸ್‌ನ ಮಳೆಯಲ್ಲಿ ನೆನೆಯುತ್ತಲೇ ಆತ ದುಡಿಯಬೇಕಿತ್ತು.

1902ರಲ್ಲಿ ತಯಾರಾದ ‘ಹೋಲಿ ವಾರ್’ ಡಿನಾರ್ವಿಗ್‌ನಲ್ಲಿ 1967ರವರೆಗೂ ಕೆಲಸ ಮಾಡಿತು. ಬ್ರಿಟನ್ನಿನ ಸ್ಲೇಟ್ ಗಣಿಗಳಲ್ಲಿ ದುಡಿದ ಕೊನೆಯ ಉಗಿ ಎಂಜಿನ್ ಅದೇ. 1969ರಲ್ಲಿ ಗಣಿಯೇ ಮುಚ್ಚಿತು.

ಕೆಲಸ ಮುಗಿದ ಎಂಜಿನ್ ಸಾಮಾನ್ಯವಾಗಿ ಸೇರುವುದು ಗುಜರಿಗೆ. ಇವುಗಳಲ್ಲಿ ಹಲವನ್ನು ಉಳಿಸಿದ್ದು ಅವುಗಳ ಗಾತ್ರ. ಲಾರಿಯಲ್ಲಿ ಸಾಗಿಸಬಹುದಿತ್ತು, ಹೆಚ್ಚುಕಡಿಮೆ ಅದೇ ಅಗಲದ ಹಳಿಯ ಪ್ರವಾಸಿ ರೈಲುಗಳು ಹತ್ತಿರದಲ್ಲೇ ಇದ್ದವು. ಪೆನ್ರಿನ್‌ನ ‘ಲಿಂಡಾ’, ‘ಬ್ಲಾಂಚ್’ ಫೆಸ್ಟಿನಿಯೋಗ್ ರೈಲ್ವೆಗೆ ಹೋದವು. ‘ಹೋಲಿ ವಾರ್’ ಈಗ ಬಾಲಾ ಸರೋವರದ ದಂಡೆಯಲ್ಲಿ ಪ್ರವಾಸಿಗರ ಡಬ್ಬಿಗಳನ್ನು ಎಳೆಯುತ್ತದೆ.

ತುಂಬ ದೂರ ಹೋಗಿ ಬಂದದ್ದು ಪೆನ್ರಿನ್‌ನದೇ ಇನ್ನೊಂದು ಎಂಜಿನ್, 1885ರ ‘ವಿನಿಫ್ರೆಡ್’. 1965ರಲ್ಲಿ ಅಮೆರಿಕದ ಇಂಡಿಯಾನಾ ಸೇರಿ, ಅಲ್ಲಿ ದಶಕಗಟ್ಟಲೆ ಓಡದೆ ನಿಂತಿತ್ತು. 2012ರಲ್ಲಿ ವೇಲ್ಸ್‌ಗೆ ಮರಳಿ, ದುರಸ್ತಿಯಾಗಿ, 2015ರಲ್ಲಿ ಬಾಲಾದಲ್ಲಿ ಮತ್ತೆ ಉಗಿ ಬಿಟ್ಟಿತು. ಹೊಸ ಬಣ್ಣ ಬಳಿಯದೆ, ಗಣಿಯಲ್ಲಿ ದುಡಿದ ಕಾಲದ ಮಾಸಲು ಮೈಯನ್ನು ಹಾಗೆಯೇ ಉಳಿಸಿದ್ದಾರೆ. ಅದು ನಿಜಕ್ಕೂ ಒಳ್ಳೆಯ ನಿರ್ಧಾರ.