ಪಹಣಿಯಿಂದ ವರದಿಗೆ: ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಬಗೆ

ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನಲ್ಲಿ ತಾವರಗೇರಾ ಒಂದು ಹೋಬಳಿ ಕೇಂದ್ರ. ಅಲ್ಲಿಯ ನಾಡಕಚೇರಿಯ ಕಿಟಕಿಯ ಮುಂದೆ ನಿಂತು ನೀವು ಒಂದು ಸರ್ವೆ ನಂಬರು ಹೇಳಿದಿರೆನ್ನಿ. ಸ್ವಲ್ಪ ಹೊತ್ತಿನಲ್ಲೇ ಆ ಹೊಲದ ಪಹಣಿ ಮುದ್ರಣವಾಗಿ ಕೈಗೆ ಬರುತ್ತದೆ. ಈಗ ಅದೇ ಕಿಟಕಿಯಲ್ಲಿ, 'ಈ ಹೋಬಳಿಯಲ್ಲಿ ಕಳೆದ ಮುಂಗಾರಿಗೆ ಸಜ್ಜೆ ಬಿತ್ತಿದ್ದು ಎಷ್ಟು ಎಕರೆ? ಬೀಳು ಬಿದ್ದದ್ದು ಎಷ್ಟು?' ಎಂದು ಕೇಳಿ ನೋಡಿ. ಉತ್ತರ ಅಷ್ಟು ಸಲೀಸಾಗಿ ಬರಲಾರದು. ಇದು ಕಿಟಕಿಯ ಆಚೆ ಕುಳಿತವರ ತಪ್ಪಲ್ಲ. ಪ್ರಶ್ನೆಯ ಜಾತಿಯೇ ಬೇರೆ.

ಮೊದಲ ಪ್ರಶ್ನೆ ಒಂದೇ ದಾಖಲೆಯನ್ನು ಹುಡುಕುತ್ತದೆ. ಎರಡನೆಯದು ಸಾವಿರಾರು ದಾಖಲೆಗಳನ್ನು ಓದಿ, ಗುಂಪು ಮಾಡಿ, ಕೂಡಿ ಹೇಳಬೇಕಾದದ್ದು. ಇಂಥ ಎರಡನೆಯ ಬಗೆಯ ಪ್ರಶ್ನೆಗಳಿಗಾಗಿ ಹುಟ್ಟಿದ ತಂತ್ರಾಂಶಗಳನ್ನು ವರದಿ ತಂತ್ರಾಂಶ, ಬಿಸಿನೆಸ್ ಇಂಟೆಲಿಜೆನ್ಸ್ ತಂತ್ರಾಂಶ ಎಂದೆಲ್ಲ ಕರೆಯುತ್ತಾರೆ. ಹೆಸರಿನಲ್ಲಿ ವ್ಯಾಪಾರವಿದೆ ಎಂದು ಗಾಬರಿಯಾಗಬೇಡಿ. ಐಬಿಎಂ ಸಂಸ್ಥೆಯ ಹಾನ್ಸ್ ಪೀಟರ್ ಲೂನ್ 1958ರಲ್ಲಿ ಈ ಮಾತನ್ನು ಬಳಸಿದಾಗ, ಸಂಗತಿಗಳ ನಡುವಿನ ಸಂಬಂಧವನ್ನು ಕಂಡು ಮುಂದಿನ ಹೆಜ್ಜೆ ಇಡಲು ನೆರವಾಗುವ ಶಕ್ತಿ ಎಂಬ ಅರ್ಥದಲ್ಲಿ ಬಳಸಿದ್ದರು. ಅದೇ ಸಂಸ್ಥೆಯ ಎಡ್ಗರ್ ಕಾಡ್ 1970ರಲ್ಲಿ, ದತ್ತಾಂಶವನ್ನು ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳಲ್ಲಿ ಇಡುವ ಕಲ್ಪನೆಯನ್ನು ಮುಂದಿಟ್ಟರು. ಇಂದಿನ ಬಹುಪಾಲು ಡೇಟಾಬೇಸ್‌ಗಳು ಅಂದರೆ ದತ್ತಸಂಚಯಗಳು ನಿಂತಿರುವುದು ಈ ಕಲ್ಪನೆಯ ಮೇಲೆಯೇ.

ನಮ್ಮ ರಾಜ್ಯದಲ್ಲಿ ಇದಕ್ಕೆ ತಕ್ಕ ಉದಾಹರಣೆ 'ಭೂಮಿ' ಯೋಜನೆ. ಅದಕ್ಕೆ ಮುಂಚೆ ಸುಮಾರು 9,000 ಗ್ರಾಮ ಲೆಕ್ಕಿಗರು ಕೈಬರಹದ ಪುಸ್ತಕಗಳಲ್ಲಿ ಪಹಣಿಗಳನ್ನು ಕಾಪಾಡುತ್ತಿದ್ದರು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಸಿದ್ಧಪಡಿಸಿದ ತಂತ್ರಾಂಶದ ನೆರವಿನಿಂದ 2000ದ ಆಸುಪಾಸಿನ ವರ್ಷಗಳಲ್ಲಿ ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ದಾಖಲೆಗಳು ಗಣಕಕ್ಕೆ ಏರಿದವು. ಆರಂಭದಲ್ಲಿ 15 ರೂಪಾಯಿ ಕೊಟ್ಟರೆ ತಾಲ್ಲೂಕು ಕೇಂದ್ರದಲ್ಲಿ ಪಹಣಿ ದೊರೆಯುತ್ತಿತ್ತು. ಒಂದು ದಾಖಲೆಯನ್ನು ಬೇಗ, ತಪ್ಪಿಲ್ಲದೆ, ಯಾರ ಹಂಗೂ ಇಲ್ಲದೆ ಕೊಡುವುದೇ ಅದರ ಮೊದಲ ಗುರಿಯಾಗಿತ್ತು. ಆದರೆ ಒಟ್ಟು ಲೆಕ್ಕದ ಮಾತು ಬಂದಾಗ ಅದೇ ಪಹಣಿಯ ರಚನೆ ಹೇಗೆ ಎಡವಿಸುತ್ತದೆ ಎಂಬುದನ್ನು ನಾವು ತರಗತಿಯಲ್ಲೇ ಮಾಡಿ ನೋಡಬಹುದು.

ಸಿದ್ಧತೆ

ಶಾಲೆಯ ಗಣಕ ಕೊಠಡಿಯ ಒಂದು ಯಂತ್ರ ಇದಕ್ಕೆ ಸಾಕು. ದತ್ತಾಂಶ ಇಡಲು ಪೋಸ್ಟ್‌ಗ್ರೆಸ್, ವರದಿ ತಯಾರಿಸಲು ಮೆಟಾಬೇಸ್ ಬಳಸೋಣ. ಎರಡೂ ಉಚಿತವಾಗಿ ಸಿಗುತ್ತವೆ. ಮೆಟಾಬೇಸ್ ಒಂದೇ ಜಾವಾ ಕಡತ. ಯಂತ್ರದಲ್ಲಿ ಜಾವಾ ಇದ್ದರೆ ಅದನ್ನು ಚಾಲೂ ಮಾಡಿ, ಬ್ರೌಸರ್‌ನಲ್ಲಿ ಅದೇ ಯಂತ್ರದ 3000ನೇ ಪೋರ್ಟ್ ತೆರೆದರೆ ಮೊದಲ ಪುಟ ಕಾಣುತ್ತದೆ. ಅಲ್ಲಿ ಡೇಟಾಬೇಸ್ ಇರುವ ಯಂತ್ರದ ಹೆಸರು, ಪೋರ್ಟ್ ಸಂಖ್ಯೆ (ಪೋಸ್ಟ್‌ಗ್ರೆಸ್‌ಗೆ ಸಾಮಾನ್ಯವಾಗಿ 5432), ಬಳಕೆದಾರರ ಹೆಸರು, ಗುಪ್ತಪದ ಇಷ್ಟನ್ನು ತುಂಬಬೇಕು.

ಇಲ್ಲಿ ಒಂದು ಎಚ್ಚರಿಕೆ. ವರದಿ ತಂತ್ರಾಂಶಕ್ಕೆ ಡೇಟಾಬೇಸ್‌ನ ಯಜಮಾನನ ಗುಪ್ತಪದವನ್ನು ಕೊಡಬೇಡಿ. 'ವೀಕ್ಷಕ' ಎಂಬ ಹೊಸ ಬಳಕೆದಾರನನ್ನು ಸೃಷ್ಟಿಸಿ, ಅವನಿಗೆ ಓದುವ ಅಧಿಕಾರವನ್ನು ಮಾತ್ರ ಕೊಡಿ. ವರದಿ ನೋಡಲು ಬಂದವರು ದಾಖಲೆಯನ್ನು ತಿದ್ದುವಂತಾಗಬಾರದಷ್ಟೆ. ದೊಡ್ಡ ಕಚೇರಿಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ದಿನದ ವಹಿವಾಟು ನಡೆಯುವ ಡೇಟಾಬೇಸನ್ನು ಮುಟ್ಟದೆ ರಾತ್ರಿ ಅದರ ಪ್ರತಿಯೊಂದನ್ನು ಬೇರೆಡೆ ಇಳಿಸಿಕೊಂಡು ಅದರ ಮೇಲೆ ವರದಿ ಓಡಿಸುತ್ತಾರೆ. ಇಲ್ಲದಿದ್ದರೆ ಯಾರೋ ಇಡೀ ಜಿಲ್ಲೆಯ ಲೆಕ್ಕ ಕೇಳಿದ ಹೊತ್ತಿನಲ್ಲಿ, ಕಿಟಕಿಯ ಮುಂದೆ ಪಹಣಿಗಾಗಿ ನಿಂತವರು ಕಾಯಬೇಕಾಗುತ್ತದೆ.

ದತ್ತಾಂಶವನ್ನು ವಿದ್ಯಾರ್ಥಿಗಳೇ ಕಲ್ಪಿಸಿಕೊಳ್ಳಲಿ. ನಿಜವಾದ ಪಹಣಿಗಳ ಹೆಸರುಗಳು ಬೇಡ. ಅ, ಆ, ಇ ಎಂದು ಬರೆದರಾಯಿತು. ಮೂರು ಕೋಷ್ಟಕಗಳು ಬೇಕು. 'ಜಮೀನು' ಕೋಷ್ಟಕದಲ್ಲಿ ಹೊಲಕ್ಕೊಂದು ಸಾಲು, ಅದರಲ್ಲಿ ವಿಸ್ತೀರ್ಣ. 'ಖಾತೆದಾರರು' ಕೋಷ್ಟಕದಲ್ಲಿ ಪ್ರತಿ ಒಡೆಯನಿಗೆ ಒಂದು ಸಾಲು; ಇದು ಪಹಣಿಯ 9ನೇ ಕಾಲಂ ಇದ್ದಂತೆ. 'ಬೆಳೆ' ಕೋಷ್ಟಕದಲ್ಲಿ ವರ್ಷ, ಹಂಗಾಮು, ಬೆಳೆಯ ಹೆಸರು, ಕ್ಷೇತ್ರ. ಇದು 12ನೇ ಕಾಲಂ. ಮೂರನ್ನೂ ಬೆಸೆಯುವ ಕೀಲಿ ಸರ್ವೆ ನಂಬರು ಮಾತ್ರ ಆಗಲಾರದು, ಏಕೆಂದರೆ 48ನೇ ಸರ್ವೆ ನಂಬರು ಊರೂರಿಗೂ ಇರುತ್ತದೆ. ಗ್ರಾಮದ ಸಂಕೇತ, ಸರ್ವೆ ನಂಬರು, ಹಿಸ್ಸಾ ಮೂರೂ ಸೇರಿದರೆ ಕೀಲಿ.

ಎಕರೆ, ಗುಂಟೆ ಮತ್ತು ದಶಮಾಂಶ ಬಿಂದು

ಮೊದಲ ತೊಡಕು ವಿಸ್ತೀರ್ಣದಲ್ಲೇ ಇದೆ. 2 ಎಕರೆ 30 ಗುಂಟೆಯನ್ನು ನಮ್ಮಲ್ಲಿ ಎಷ್ಟೋ ಜನ 2.30 ಎಂದು ಬರೆಯುತ್ತಾರೆ. ಮನುಷ್ಯರಿಗೆ ಇದರಿಂದ ತೊಂದರೆಯಿಲ್ಲ. ಗಣಕ ಮಾತ್ರ ಆ ಬಿಂದುವನ್ನು ದಶಮಾಂಶ ಬಿಂದು ಎಂದೇ ನಂಬುತ್ತದೆ. 2.30ಕ್ಕೆ 1.25 ಕೂಡಿಸಿ 3.55 ಎನ್ನುತ್ತದೆ. ಎಕರೆಗೆ 40 ಗುಂಟೆಯಲ್ಲವೆ? ನಿಜವಾದ ಮೊತ್ತ 110 ಗುಂಟೆ ಮತ್ತು 65 ಗುಂಟೆ, ಒಟ್ಟು 175. ಅಂದರೆ 4 ಎಕರೆ 15 ಗುಂಟೆ. ದಶಮಾಂಶದಲ್ಲಿ ಹೇಳುವುದಾದರೆ 4.375 ಎಕರೆ. ಎರಡೇ ಹೊಲಗಳಲ್ಲಿ ಮುಕ್ಕಾಲು ಎಕರೆಗೂ ಹೆಚ್ಚು ಭೂಮಿ ಮಾಯವಾಯಿತು! ಜೊತೆಗೆ 2.20 ಎಂದು ತುಂಬಿದ್ದನ್ನು ಎಕ್ಸೆಲ್ 2.2 ಎಂದು ತೋರಿಸುತ್ತದೆ. ಅದನ್ನು ಓದುವವರು 20 ಗುಂಟೆ ಎಂದುಕೊಳ್ಳಬೇಕೋ 2 ಗುಂಟೆ ಎಂದುಕೊಳ್ಳಬೇಕೋ?

ಪರಿಹಾರ ಸರಳ. ಕೋಷ್ಟಕದಲ್ಲಿ ಎಲ್ಲವನ್ನೂ ಗುಂಟೆಯಲ್ಲೇ ಪೂರ್ಣಾಂಕವಾಗಿ ಇಡಿ. ವರದಿಯಲ್ಲಿ ತೋರಿಸುವಾಗ 40ರಿಂದ ಭಾಗಿಸಿ, ಭಾಗಲಬ್ಧವನ್ನು ಎಕರೆ, ಶೇಷವನ್ನು ಗುಂಟೆ ಎಂದು ಬರೆಯಿರಿ. (ಆಣೆಯ ಲೆಕ್ಕವೂ ಬೇಕೆನ್ನುವವರು ಗುಂಟೆಗೆ 16 ಆಣೆಯಂತೆ ಆಣೆಯಲ್ಲೇ ಇಡಬಹುದು.)

ಊರಿನ ಹೆಸರು ಒಂದೇ, ಸಾಲು ಎರಡು

ಗ್ರಾಮವಾರು ಮೊತ್ತ ಕೇಳಿದಾಗ ತಾವರಗೇರಾ ಎರಡು ಸಲ ಕಾಣಿಸಿಕೊಂಡರೆ ಆಶ್ಚರ್ಯಪಡಬೇಡಿ. ಒಬ್ಬರು ತಾವರಗೇರಾ ಎಂದೂ ಇನ್ನೊಬ್ಬರು ತಾವರಗೆರೆ ಎಂದೂ ತುಂಬಿದ್ದರೆ ಕಾರಣ ಕಣ್ಣಿಗೆ ಕಾಣುತ್ತದೆ. ಕೆಲವೊಮ್ಮೆ ಎರಡೂ ಸಾಲಿನ ಹೆಸರು ಅಕ್ಷರಶಃ ಒಂದೇ ರೀತಿ ಕಾಣುತ್ತದೆ, ಆದರೂ ಗಣಕ ಅವನ್ನು ಬೇರೆ ಎನ್ನುತ್ತದೆ. ಇದರ ಗುಟ್ಟು ಇರುವುದು 'ಗೇ' ಅಕ್ಷರದಲ್ಲಿ. ಯೂನಿಕೋಡ್‌ನಲ್ಲಿ ಏತ್ವದ ಚಿಹ್ನೆಗೆ ತನ್ನದೇ ಒಂದು ಸಂಕೇತವಿದೆ. ಎತ್ವದ ಚಿಹ್ನೆಯ ಮುಂದೆ ದೀರ್ಘದ ಚಿಹ್ನೆಯನ್ನು ಸೇರಿಸಿ ಎರಡು ಸಂಕೇತಗಳಿಂದಲೂ ಅದೇ ರೂಪವನ್ನು ಮೂಡಿಸಬಹುದು. ಪರದೆಯ ಮೇಲೆ ಎರಡೂ ಒಂದೇ. ಡೇಟಾಬೇಸ್‌ಗೆ ಈ ಹೆಸರಿನ ಉದ್ದವೆಷ್ಟು ಎಂದು ಕೇಳಿದರೆ ಒಂದಕ್ಕೆ 8, ಇನ್ನೊಂದಕ್ಕೆ 9 ಎನ್ನುತ್ತದೆ! ವಿದ್ಯಾರ್ಥಿಗಳು ಇದನ್ನು ತಾವೇ ಮಾಡಿ ನೋಡಿದರೆ ಮರೆಯುವುದಿಲ್ಲ.

ಪೋಸ್ಟ್‌ಗ್ರೆಸ್‌ನ 13ನೇ ಆವೃತ್ತಿಯಿಂದ (2020) ಇಂಥ ಎರಡು ರೂಪಗಳನ್ನು ಒಂದಾಗಿಸುವ 'ನಾರ್ಮಲೈಸ್' ಎಂಬ ಫಲನ ಇದೆ. ಆದರೆ ಹೆಸರನ್ನು ನಂಬಿ ಗುಂಪು ಮಾಡದೆ ಗ್ರಾಮ ಸಂಕೇತವನ್ನು ನಂಬುವುದೇ ಕ್ಷೇಮ. ಹೆಸರುಗಳು ಒಂದು ಪ್ರತ್ಯೇಕ 'ಗ್ರಾಮ' ಕೋಷ್ಟಕದಲ್ಲಿ ಒಂದೇ ಕಡೆ ಇರಲಿ.

ಆರೂಕಾಲು ಎಕರೆ ಇಪ್ಪತ್ತೈದಾದ ಕಥೆ

ಇನ್ನು ಮುಖ್ಯ ತೊಡಕಿಗೆ ಬರೋಣ. ವರದಿ ತಂತ್ರಾಂಶ ಬಳಸುವವರಲ್ಲಿ ಅನುಭವಿಗಳೂ ಇದರಲ್ಲಿ ಬೀಳುತ್ತಾರೆ.

ನಮ್ಮ ಕಲ್ಪಿತ 48ನೇ ಸರ್ವೆ ನಂಬರಿನ ಹೊಲ 6 ಎಕರೆ 10 ಗುಂಟೆ, ಅಂದರೆ 250 ಗುಂಟೆ. ಅ ಮತ್ತು ಆ ಎಂಬ ಅಣ್ಣತಮ್ಮಂದಿರ ಹೆಸರಿನಲ್ಲಿ ಜಂಟಿಯಾಗಿದೆ. ಮುಂಗಾರಿನಲ್ಲಿ 150 ಗುಂಟೆ ಸಜ್ಜೆ, 100 ಗುಂಟೆ ತೊಗರಿ ಹಾಕಿದ್ದಾರೆ. ಈಗ ನೀವು ವರದಿ ತಂತ್ರಾಂಶದಲ್ಲಿ ಮೂರೂ ಕೋಷ್ಟಕಗಳನ್ನು ಜೋಡಿಸಿ, ಅಂದರೆ 'ಜಾಯಿನ್' ಮಾಡಿ, ಮೊತ್ತ ಕೇಳುತ್ತೀರಿ. ಜೋಡಣೆ ನಡೆಯುವ ಬಗೆ ಹೀಗೆ: ಹೊಂದುವ ಪ್ರತಿ ಒಡೆಯನ ಸಾಲು ಹೊಂದುವ ಪ್ರತಿ ಬೆಳೆಯ ಸಾಲಿನೊಡನೆ ಸೇರುತ್ತದೆ. ಇಬ್ಬರು ಒಡೆಯರು, ಎರಡು ಬೆಳೆ. ಒಟ್ಟು ನಾಲ್ಕು ಸಾಲು. ಪ್ರತಿ ಸಾಲಿನಲ್ಲೂ ಹೊಲದ ವಿಸ್ತೀರ್ಣ 250 ಎಂದೇ ಇರುತ್ತದೆ. ಕೂಡಿದರೆ 1,000 ಗುಂಟೆ. ಆರೂಕಾಲು ಎಕರೆ ಹೊಲ ವರದಿಯಲ್ಲಿ ಇಪ್ಪತ್ತೈದು ಎಕರೆಯಾಯಿತು. ಬೆಳೆ ಕ್ಷೇತ್ರ ಕೂಡ 250 ಇರಬೇಕಾದದ್ದು 500 ಆಗುತ್ತದೆ. ತಂತ್ರಾಂಶ ಯಾವ ದೋಷವನ್ನೂ ತೋರಿಸುವುದಿಲ್ಲ. ಅಂದವಾದ ಕಂಬಚಿತ್ರವನ್ನು ಬಣ್ಣ ಹಾಕಿ ಕೊಡುತ್ತದೆ.

ಹೊಲಗಳಲ್ಲಿ ಒಡೆಯರ ಸಂಖ್ಯೆ ಸಮನಾಗಿರುವುದಿಲ್ಲವಾದ್ದರಿಂದ ಈ ತಪ್ಪು ಎಲ್ಲ ಕಡೆ ಒಂದೇ ಪ್ರಮಾಣದಲ್ಲಿ ಉಬ್ಬುವುದೂ ಇಲ್ಲ. ವಾರಸುದಾರರು ಹೆಚ್ಚಿರುವ ಊರು ಕಾಗದದ ಮೇಲೆ ಹೆಚ್ಚು ಬಿತ್ತಿದ ಊರಾಗಿಬಿಡುತ್ತದೆ.

ಕೆಲವರು ಇದಕ್ಕೆ ಒಂದು ಅಡ್ಡದಾರಿ ಹಿಡಿಯುತ್ತಾರೆ: ಒಂದೇ ಅಂಕಿ ಮರುಕಳಿಸಿದರೆ ಅದನ್ನು ಒಂದೇ ಸಲ ಕೂಡುವಂತೆ 'ಡಿಸ್ಟಿಂಕ್ಟ್' ಎಂಬ ಪದ ಸೇರಿಸುವುದು. 48ನೇ ನಂಬರಿಗೆ ಇದು ಸರಿಯಾದ ಉತ್ತರವನ್ನೇ ಕೊಡುತ್ತದೆ. ಪಕ್ಕದ 52ನೇ ನಂಬರಿನ ಹೊಲವೂ 250 ಗುಂಟೆಯೇ ಇದ್ದರೆ? ಅದು ಲೆಕ್ಕದಿಂದಲೇ ಬಿದ್ದುಹೋಗುತ್ತದೆ. ಸರಿಯಾದ ದಾರಿಯೆಂದರೆ ಮೊದಲು ಬೆಳೆ ಕೋಷ್ಟಕವನ್ನು ಪ್ರತ್ಯೇಕವಾಗಿ ಹೊಲವಾರು ಕೂಡಿ, ಹೊಲಕ್ಕೊಂದೇ ಸಾಲು ಮಾಡಿಕೊಂಡು ಅನಂತರ ಜಮೀನಿನೊಡನೆ ಜೋಡಿಸುವುದು. ಒಡೆಯರ ಪ್ರಶ್ನೆಯೇ ಇಲ್ಲದಿರುವಾಗ ಖಾತೆದಾರರ ಕೋಷ್ಟಕವನ್ನು ಮುಟ್ಟುವ ಅಗತ್ಯವೇ ಇಲ್ಲ. ಪ್ರತಿ ಕೋಷ್ಟಕವನ್ನು ಎದುರಿಗಿಟ್ಟುಕೊಂಡು 'ಇದರಲ್ಲಿ ಒಂದು ಸಾಲು ಎಂದರೆ ಏನು?' ಎಂದು ಕೇಳಿಕೊಳ್ಳಿ. ಒಂದು ಹೊಲವೋ, ಒಬ್ಬ ಒಡೆಯನೋ, ಒಂದು ಹಂಗಾಮಿನ ಒಂದು ಬೆಳೆಯೋ? ಉತ್ತರವನ್ನು ಗೋಡೆಯ ಮೇಲೆ ಬರೆದು ಅಂಟಿಸಿದರೂ ಸರಿಯೇ. ಸಜ್ಜೆಯ ನಡುವೆ ತೊಗರಿಯ ಅಕ್ಕಡಿ ಸಾಲು ಹಾಕುವ ಹೊಲಗಳಲ್ಲಂತೂ ಎರಡೂ ಬೆಳೆಗೆ ಪೂರ್ತಿ ಕ್ಷೇತ್ರ ಬರೆಯುವರೋ ಹಂಚಿ ಬರೆಯುವರೋ ಎಂಬುದನ್ನು ಮೊದಲೇ ನಿರ್ಧರಿಸಬೇಕು. ಅದನ್ನು ಯಾವ ತಂತ್ರಾಂಶವೂ ಊಹಿಸಲಾರದು.

ಬರಗಾಲದಲ್ಲಿ ಕಾಣೆಯಾಗುವ ಹೊಲ

ಇದರ ಮಗ್ಗುಲಲ್ಲೇ ಇನ್ನೊಂದು ತಪ್ಪಿದೆ. ಇದು ಲೆಕ್ಕವನ್ನು ಉಬ್ಬಿಸುವುದಿಲ್ಲ, ಅಳಿಸುತ್ತದೆ. ಸಾಮಾನ್ಯ ಜೋಡಣೆಯಲ್ಲಿ ಎರಡೂ ಕೋಷ್ಟಕಗಳಲ್ಲಿ ಇರುವ ಹೊಲಗಳು ಮಾತ್ರ ಉಳಿಯುತ್ತವೆ. ಮಳೆ ಕೈಕೊಟ್ಟು ಬಿತ್ತದೇ ಬಿಟ್ಟ ಮಸಾರಿ ಹೊಲಕ್ಕೆ ಬೆಳೆ ಕೋಷ್ಟಕದಲ್ಲಿ ಸಾಲೇ ಇರುವುದಿಲ್ಲ. ಹಾಗಾಗಿ ಅದು ಜೋಡಣೆಯಲ್ಲಿ ಜಾರಿಹೋಗುತ್ತದೆ. 'ಶೇಕಡಾ ಎಷ್ಟು ಬಿತ್ತನೆಯಾಗಿದೆ?' ಎಂದು ಕೇಳಿದರೆ, ಅರ್ಧ ಹೋಬಳಿ ಬೀಳು ಬಿದ್ದಿದ್ದರೂ ವರದಿ 100 ಎನ್ನುತ್ತದೆ! ಇಲ್ಲಿ ಜಮೀನು ಕೋಷ್ಟಕವನ್ನು ಎಡಗಡೆ ಇಟ್ಟು, ಅದರ ಎಲ್ಲ ಸಾಲುಗಳನ್ನೂ ಉಳಿಸಿಕೊಳ್ಳುವ 'ಲೆಫ್ಟ್ ಜಾಯಿನ್' ಆರಿಸಬೇಕು. ಆಗ ಬಿತ್ತದ ಹೊಲದ ಮುಂದೆ ಬೆಳೆಯ ಜಾಗ ಖಾಲಿ ಉಳಿಯುತ್ತದೆ. ಆ ಖಾಲಿ ಜಾಗ ಬೀಳು ಬಿದ್ದದ್ದನ್ನು ಹೇಳುತ್ತಿದೆಯೋ, ಸಮೀಕ್ಷೆಯವರು ಇನ್ನೂ ಹೋಗಿಲ್ಲವೆಂಬುದನ್ನೋ? ಎರಡೂ ಒಂದೇ ಅಲ್ಲ. ಆದ್ದರಿಂದ ಬೀಳು ಹೊಲಕ್ಕೂ 'ಬೀಳು' ಎಂಬ ಹೆಸರಿನಲ್ಲಿ ಒಂದು ಸಾಲು ತುಂಬುವುದು ಒಳ್ಳೆಯದು.

ಈ ಅಂಕಿಗಳಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೆ ಎಂದು ನಿಮಗೆ ಅನಿಸಬಹುದು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಇಳುವರಿಯ ಕೊರತೆಯನ್ನು ಒಬ್ಬೊಬ್ಬ ರೈತನ ಹೊಲಕ್ಕೆ ಲೆಕ್ಕ ಹಾಕುವುದಿಲ್ಲ. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿ, ಉಳಿದವಕ್ಕೆ ಹೋಬಳಿ, ಹೀಗೆ ಒಂದು ಘಟಕದ ಸರಾಸರಿಯೇ ಎಲ್ಲರಿಗೂ ಅನ್ವಯಿಸುತ್ತದೆ. ಒಂದು ಅಂಕಿ ತಪ್ಪಿದರೆ ಅದು ಆ ಘಟಕದ ವಿಮೆ ಮಾಡಿಸಿದ ಎಲ್ಲ ಹೊಲಗಳಿಗೂ ತಟ್ಟುತ್ತದೆ. ಸರಾಸರಿಯ ಮಾತು ಬಂದದ್ದರಿಂದ ಒಂದು ಚಿಕ್ಕ ಲೆಕ್ಕ: ಒಂದೂರಿನಲ್ಲಿ 100 ಎಕರೆಗೆ ತಲಾ 4 ಕ್ವಿಂಟಲ್, ಇನ್ನೊಂದೂರಿನಲ್ಲಿ 10 ಎಕರೆಗೆ ತಲಾ 8 ಕ್ವಿಂಟಲ್ ಬೆಳೆದಿದೆಯೆನ್ನಿ. ಸರಾಸರಿಗಳ ಸರಾಸರಿ 6. ಒಟ್ಟು 480 ಕ್ವಿಂಟಲನ್ನು 110 ಎಕರೆಯಿಂದ ಭಾಗಿಸಿದರೆ ಸುಮಾರು 4.36. ತಂತ್ರಾಂಶದ 'ಆ್ಯವರೇಜ್' ಗುಂಡಿ ಒತ್ತುವ ಮುಂಚೆ ಅದು ಯಾವ ಸಾಲುಗಳ ಮೇಲೆ ಒತ್ತುತ್ತಿದೆ ಎಂದು ನೋಡಿಕೊಳ್ಳಿ.

ತಾಳೆ ನೋಡುವ ಸಾಲು

ವರದಿ ಸಿದ್ಧವಾದ ಮೇಲೆ ಅದರ ಕೆಳಗೆ ಎರಡು ಸಣ್ಣ ಸಾಲುಗಳನ್ನು ಸೇರಿಸಿ. ಮೊದಲನೆಯದು, ದತ್ತಾಂಶ ಯಾವ ದಿನಾಂಕದವರೆಗಿನದು ಎಂಬುದು. ಎರಡನೆಯದು ತಾಳೆ. ಜಮೀನು ಕೋಷ್ಟಕವನ್ನು ಯಾವುದರೊಡನೆಯೂ ಜೋಡಿಸದೆ ನೇರವಾಗಿ ಕೂಡಿದ ವಿಸ್ತೀರ್ಣವನ್ನು ಒಂದು ಕಡೆ, ವರದಿಯ ಬಿತ್ತನೆ ಮತ್ತು ಬೀಳು ಎರಡರ ಮೊತ್ತವನ್ನು ಇನ್ನೊಂದು ಕಡೆ ತೋರಿಸಿ. ಅಕ್ಕಡಿ ಬೆಳೆಯ ಕ್ಷೇತ್ರವನ್ನು ಹಂಚಿ ಬರೆದಿದ್ದು, ಖರಾಬು ಜಮೀನನ್ನು ಎರಡೂ ಕಡೆ ಬಿಟ್ಟಿದ್ದರೆ ಅವೆರಡೂ ಒಂದು ಗುಂಟೆಯೂ ಆಚೀಚೆಯಾಗದೆ ಕೂಡಬೇಕು. ಕೂಡದಿದ್ದರೆ ವರದಿಯನ್ನು ಯಾರಿಗೂ ಕಳುಹಿಸದೆ, ಸಾಲುಗಳ ಎಣಿಕೆ ಯಾವ ಜೋಡಣೆಯ ನಂತರ ಬದಲಾಯಿತೆಂದು ಹಿಂದಕ್ಕೆ ಹುಡುಕುತ್ತ ಹೋಗಿ. ವಿದ್ಯಾರ್ಥಿಗಳ ಎರಡು ತಂಡ ಮಾಡಿ, ಒಂದು ತಂಡ ಕೋಷ್ಟಕದಲ್ಲಿ ಬೇಕೆಂದೇ ಒಬ್ಬ ಹೆಚ್ಚುವರಿ ಒಡೆಯನನ್ನೋ ಏತ್ವದ ಇನ್ನೊಂದು ರೂಪವನ್ನೋ ಅಡಗಿಸಿಡಲಿ. ಇನ್ನೊಂದು ತಂಡ ವರದಿಯನ್ನಷ್ಟೇ ನೋಡಿ ಅದನ್ನು ಪತ್ತೆಹಚ್ಚಲಿ. ಒಂದು ಪೀರಿಯಡ್ ಸಾಲದು, ಎರಡು ಇಟ್ಟುಕೊಳ್ಳಿ.