ಭಾರತೀಯ ಭೂಸೇನೆ ಮತ್ತು ಅದರ ಫಿರಂಗಿದಳ

ಜನವರಿ 15 ಭೂಸೇನಾ ದಿನವೆಂಬುದು ನಮ್ಮ ಶಾಲೆಯ ಮಕ್ಕಳೆಲ್ಲರಿಗೂ ಗೊತ್ತು. 1949ರ ಆ ದಿನ ಕೊಡಗಿನ ಕೆ. ಎಂ. ಕಾರಿಯಪ್ಪನವರು ಬ್ರಿಟಿಷ್ ದಂಡನಾಯಕರಿಂದ ಅಧಿಕಾರ ವಹಿಸಿಕೊಂಡು ಸೇನೆಯ ಪ್ರಥಮ ಭಾರತೀಯ ಮುಖ್ಯಸ್ಥರಾದರು. ಅದಕ್ಕೆ ಸರಿಯಾಗಿ ಹದಿನಾಲ್ಕು ವರ್ಷ ಮೊದಲು, 1935ರ ಜನವರಿ 15ರಂದು, ಭಾರತೀಯ ಸೈನಿಕರ ಮೊದಲ ಮೈದಾನ ಫಿರಂಗಿ ಪಡೆಯು ಬೆಂಗಳೂರಿನಲ್ಲಿ ಸ್ಥಾಪನೆಗೊಂಡಿತೆಂಬ ಸಂಗತಿ ಮಾತ್ರ ಅಷ್ಟಾಗಿ ಪ್ರಚಾರದಲ್ಲಿಲ್ಲ. ಈ ಎರಡು ದಿನಗಳ ನಡುವಿನ ನಂಟನ್ನು ತಿಳಿಯಬೇಕಾದರೆ ತುಸು ಹಿಂದಕ್ಕೆ ಹೋಗಬೇಕು.

ಫಿರಂಗಿವಿದ್ಯೆ ನಮ್ಮವರಿಗೆ ಹೊಸದಾಗಿರಲಿಲ್ಲ. 1780ರ ಪೊಳ್ಳಿಲೂರು ಯುದ್ಧದಲ್ಲಿ ಮೈಸೂರಿನ ಸೈನ್ಯವು ಕಬ್ಬಿಣದ ಕೊಳವೆಯ ರಾಕೆಟ್ಟುಗಳನ್ನು ಬಳಸಿ ಇಂಗ್ಲಿಷರನ್ನು ಕಂಗೆಡಿಸಿತ್ತು. ಮುಂದೆ ಇಂಗ್ಲೆಂಡಿನ ಕಾಂಗ್ರೀವ್ ತನ್ನ ರಾಕೆಟ್ಟುಗಳನ್ನು ರೂಪಿಸಿದ್ದಕ್ಕೆ ಅವೇ ಪ್ರೇರಣೆಯಾದವು. ಈಗಿನ ಫಿರಂಗಿದಳದ ಮೂಲವಾದ ಮುಂಬಯಿಯ ಪಡೆ ಸ್ಥಾಪನೆಯಾದದ್ದು 1827ರ ಸೆಪ್ಟೆಂಬರ್ 28ರಂದು. ಆ ದಿನವನ್ನು ಇಂದಿಗೂ ಫಿರಂಗಿದಳದ ದಿನವಾಗಿ ಆಚರಿಸಲಾಗುತ್ತದೆ. ಆದರೆ 1857ರ ಬಂಡಾಯದ ತರುವಾಯ ಆಳುವವರು ಎಚ್ಚೆತ್ತರು. ಭಾರತೀಯನ ಕೈಯಲ್ಲಿ ಬಂದೂಕಿರಲಿ, ತೋಪು ಬೇಡವೆಂದು ನಿರ್ಧರಿಸಿದರು. ಕೆಲವೇ ಪರ್ವತ ಪಡೆಗಳನ್ನುಳಿದು ದೇಶೀಯ ಫಿರಂಗಿ ಪಡೆಗಳೆಲ್ಲ ವಿಸರ್ಜಿತವಾದವು. 1895ರಲ್ಲಿ ಬಂಗಾಳ, ಮದರಾಸು, ಮುಂಬಯಿ ಪ್ರಾಂತಗಳ ಸೈನ್ಯಗಳು ಒಂದೇ ಭಾರತೀಯ ಸೇನೆಯಾದರೂ ಈ ಅವಿಶ್ವಾಸ ಅಳಿಯಲಿಲ್ಲ. ಅದು ಸಡಿಲವಾಗಲು ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಬೆಂಗಳೂರಿನ ಆ ಪಡೆಯ ಮಹತ್ವವಿರುವುದು ಇಲ್ಲಿಯೇ.

ಆ ವಿಶ್ವಾಸಕ್ಕೆ ನಮ್ಮವರು ತಕ್ಕವರೆಂಬುದು ಬಹುಬೇಗ ಸಿದ್ಧವಾಯಿತು. 1944ರ ಡಿಸೆಂಬರಿನಲ್ಲಿ ಬರ್ಮಾದ ಕಲದಾನ್ ಕಣಿವೆಯಲ್ಲಿ ಹವಾಲ್ದಾರ್ ಉಮರಾವ್ ಸಿಂಗರು ಗುಂಡುಗಳೆಲ್ಲ ಮುಗಿದ ಮೇಲೆಯೂ ತಮ್ಮ ಫಿರಂಗಿಯನ್ನು ಬಿಟ್ಟು ಕದಲದೆ, ಫಿರಂಗಿಯನ್ನು ಹೊರಲು ಬಳಸುವ ಕಬ್ಬಿಣದ ಸಲಾಕೆಯಿಂದಲೇ ಶತ್ರುಗಳೊಡನೆ ಹೋರಾಡಿದರು. ಅವರಿಗೆ ವಿಕ್ಟೋರಿಯಾ ಕ್ರಾಸ್ ಪದಕ ದೊರೆಯಿತು. ಇತರ ದಳಗಳಿಗೆ ಧ್ವಜವೆಷ್ಟು ಪೂಜ್ಯವೋ ಫಿರಂಗಿದಳದವರಿಗೆ ಅವರ ಫಿರಂಗಿಯೇ ಅಷ್ಟು ಪೂಜ್ಯ.

ಇನ್ನು ಸೇನೆಯ ರಚನೆ. ಸುಮಾರು ಹತ್ತು ಜನರ ಸೆಕ್ಷನ್ ಅತ್ಯಂತ ಕಿರಿಯ ಘಟಕ. ಮೂರು ಸೆಕ್ಷನ್ನುಗಳು ಸೇರಿ ಪ್ಲಟೂನ್, ಮೂರು ಪ್ಲಟೂನುಗಳು ಸೇರಿ ಕಂಪನಿ, ಹಲವು ಕಂಪನಿಗಳು ಸೇರಿ ಸುಮಾರು ಎಂಟುನೂರು ಯೋಧರ ಬೆಟಾಲಿಯನ್. ಅದರ ಮೇಲೆ ಬ್ರಿಗೇಡ್, ಡಿವಿಜನ್, ಕೋರ್, ಕಮಾಂಡ್ ಎಂಬ ಮೆಟ್ಟಿಲುಗಳು. ದಕ್ಷಿಣ ಕಮಾಂಡಿನ ಕೇಂದ್ರ ನಮ್ಮ ಪುಣೆ. ಫಿರಂಗಿದಳದಲ್ಲಿ ಸಾಮಾನ್ಯವಾಗಿ ಆರು ಫಿರಂಗಿಗಳಿಗೆ ಒಂದು ಬ್ಯಾಟರಿ. ಮೂರು ಬ್ಯಾಟರಿಗಳಿಗೆ, ಅಂದರೆ ಹದಿನೆಂಟು ಫಿರಂಗಿಗಳಿಗೆ, ಒಂದು ರೆಜಿಮೆಂಟು. ಇದರ ವಿದ್ಯಾಲಯ ದೇವಳಾಲಿಯಲ್ಲಿದೆ. ಹೊಸಬರ ತರಬೇತಿ ಕೇಂದ್ರಗಳು ನಾಸಿಕ್ ರೋಡ್ ಮತ್ತು ಹೈದರಾಬಾದಿನಲ್ಲಿವೆ.

ಫಿರಂಗಿ ಹಾರಿಸುವವನಿಗೆ ಗುರಿ ಬಹುತೇಕ ಕಾಣಿಸುವುದೇ ಇಲ್ಲವೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಗುರಿ ಬೆಟ್ಟದ ಆಚೆ, ಹತ್ತಾರು ಕಿಲೋಮೀಟರ್ ದೂರದಲ್ಲಿರುತ್ತದೆ. ಕಾಲ್ದಳದೊಂದಿಗೆ ಮುಂದೆ ಸಾಗಿರುವ ವೀಕ್ಷಕ ಅಧಿಕಾರಿಯು ಆ ಸ್ಥಾನವನ್ನು ನಕ್ಷೆಯಲ್ಲಿ ಗುರುತಿಸಿ ವೈರ್‌ಲೆಸ್ಸಿನಲ್ಲಿ ತಿಳಿಸುತ್ತಾನೆ. ಹಿಂದಿನ ನೆಲೆಯಲ್ಲಿರುವವರು ದೂರ, ಎತ್ತರ, ಗಾಳಿ, ಉಷ್ಣತೆಗಳನ್ನು ಲೆಕ್ಕಹಾಕಿ ಫಿರಂಗಿಯ ಕೋನವನ್ನು ನಿಗದಿಪಡಿಸುತ್ತಾರೆ. ಮೊದಲ ಗುಂಡು ಎಲ್ಲಿ ಬಿದ್ದಿತೆಂದು ನೋಡಿ ವೀಕ್ಷಕನು ತಿದ್ದುಪಡಿ ಹೇಳುತ್ತಾನೆ. ಆಮೇಲೆಯೇ ಎಲ್ಲ ಫಿರಂಗಿಗಳೂ ಗರ್ಜಿಸುತ್ತವೆ. ಹತ್ತು ಕಿಲೋಮೀಟರ್ ದೂರದಲ್ಲಿ ದಿಕ್ಕಿನ ಕೋನವು ಒಂದು ಡಿಗ್ರಿ ತಪ್ಪಿದರೆ ಗುಂಡು ಸುಮಾರು 175 ಮೀಟರ್ ಪಕ್ಕಕ್ಕೆ ಬೀಳುತ್ತದೆ. ಅಲ್ಲಿ ನಮ್ಮದೇ ಯೋಧರಿರಬಹುದು! ಶಾಲೆಯಲ್ಲಿ ತ್ರಿಕೋನಮಿತಿ ಬರೀ ಅಂಕಗಳ ವಿಷಯ. ಅಲ್ಲಿ ಅದು ಪ್ರಾಣದ ವಿಷಯ.

1999ರ ಕಾರ್ಗಿಲ್ ಯುದ್ಧದಲ್ಲಿ ಎರಡೂವರೆ ಲಕ್ಷ ಶೆಲ್ಲು ಮತ್ತು ರಾಕೆಟ್ಟುಗಳನ್ನು ಹಾರಿಸಲಾಯಿತು. 155 ಮಿಲಿಮೀಟರಿನ ಬೋಫೋರ್ಸ್ ಫಿರಂಗಿಗಳು ಶಿಖರಗಳ ಮೇಲಿನ ಶತ್ರುನೆಲೆಗಳನ್ನು ಜರ್ಜರಗೊಳಿಸಿ ಕಾಲ್ದಳಕ್ಕೆ ಹಾದಿ ಮಾಡಿಕೊಟ್ಟವು. ಅನಂತರ ಜಬಲ್ಪುರದಲ್ಲಿ ತಯಾರಾದ ‘ಧನುಷ್’ ಫಿರಂಗಿ ಸೇನೆಯನ್ನು ಸೇರಿದೆ. 44 ಸೆಕೆಂಡುಗಳಲ್ಲಿ ಹನ್ನೆರಡು ರಾಕೆಟ್ಟುಗಳನ್ನು ಉಡಾಯಿಸುವ ಸ್ವದೇಶಿ ‘ಪಿನಾಕ’ವೂ ಇದೆ. 2023ರಲ್ಲಿ ಐವರು ಮಹಿಳಾ ಅಧಿಕಾರಿಗಳು ಈ ದಳವನ್ನು ಪ್ರವೇಶಿಸಿದರು. ಒಂದು ಕಾಲಕ್ಕೆ ಭಾರತೀಯ ಪುರುಷನಿಗೇ ಮುಚ್ಚಿದ್ದ ಬಾಗಿಲು ಅದು.

ನಮ್ಮ ಅಕ್ಕಲಕೋಟೆ ಸೀಮೆಯ ತಂದೆತಾಯಂದಿರು ಮಗನನ್ನು ಸೈನ್ಯಕ್ಕೆ ಕಳಿಸಬಹುದೆ ಎಂದು ನನ್ನನ್ನು ಕೇಳುವುದುಂಟು. ಅವಶ್ಯವಾಗಿ ಕಳಿಸಿರಿ, ಆದರೆ ಓಡುವ ಕಾಲನ್ನು ಮಾತ್ರ ನಂಬಿ ಕಳಿಸಬೇಡಿರಿ. 2022ರಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯಂತೆ ಸೇವೆ ನಾಲ್ಕು ವರ್ಷ. ಮುಂದುವರಿಯುವ ಅವಕಾಶ ಶೇಕಡ 25ರಷ್ಟು ಜನರಿಗೆ ಎಂದು ಆಗ ಸಾರಲಾಗಿತ್ತು. ಉಳಿದವರು ಊರಿಗೆ ಮರಳಿದಾಗ ಕೈಹಿಡಿಯುವುದು ವಿದ್ಯೆಯೇ. ಅಲ್ಲಿಯ ಆಜ್ಞೆಗಳು ಹಿಂದಿಯಲ್ಲಿರುತ್ತವೆ. ಅದನ್ನು ಹುಡುಗರು ಕೆಲವೇ ತಿಂಗಳಲ್ಲಿ ಕಲಿಯುತ್ತಾರೆ. ಆದರೆ ಕೋನವೆಂದರೇನು, ಅದು ತಪ್ಪಿದರೆ ಏನಾಗುವುದು ಎಂಬ ತಿಳಿವಳಿಕೆ ಮನಸ್ಸಿನಲ್ಲಿ ಬೇರೂರುವುದು ಮಾತೃಭಾಷೆಯಲ್ಲಿ, ಕರಿಹಲಗೆಯ ಮುಂದೆ. ಐವತ್ತು ವರ್ಷಗಳಿಂದ ಈ ಶಾಲೆ ಮಾಡುತ್ತ ಬಂದಿರುವುದು ಆ ಕೆಲಸವನ್ನೇ. ಅದು ಇನ್ನು ಮುಂದೆಯೂ ಸಾಗಲಿ.